ಟಾರ್ಕಿಲ್ ಇಲ್ಲದ ತಾಳ

ಟಾರ್ಕಿಲ್‌ನನ್ನು ವಾದ್ಯತಂಡದಿಂದ ಬಿಡಿಸಬೇಕೆಂದು ನಾವು ತೀರ್ಮಾನಿಸಿದ್ದು ಅವನ ಕೈ ಕೆಟ್ಟಿತ್ತೆಂದಲ್ಲ, ನಮ್ಮ ಕಾರು ಚಿಕ್ಕದಾಗಿತ್ತೆಂದು. ಹಳೆಯ ವ್ಯಾನು ಆ ಚಳಿಗಾಲದಲ್ಲಿ ಕೈಕೊಟ್ಟಿತ್ತು. ಹೊಸ ಕಾರಿನಲ್ಲಿ ನನ್ನ ಗಂಡ ಪ್ರೆಬೆನ್‌ನ ಅಕಾರ್ಡಿಯನ್, ನನ್ನ ಕೀಬೋರ್ಡು, ಎರಡು ಸ್ಪೀಕರು ತುಂಬಿದರೆ ಒಂದು ಕೊಡೆ ಇಡುವಷ್ಟು ಜಾಗ ಉಳಿಯುತ್ತಿತ್ತು. ಟಾರ್ಕಿಲ್‌ಗೆ ಐದು ಡ್ರಮ್ಮುಗಳಿದ್ದವು. ಅವನೋ ಆರಡಿ ಮೂರಂಗುಲದ ಆಳು.

ಲೆಮ್ವಿಗ್ ಪಟ್ಟಣದ ಸುತ್ತಲಿನ ಊರುಗಳ ಸಭಾಭವನಗಳಲ್ಲಿ ಮದುವೆಗೆ, ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬಿದವರ ಬೆಳ್ಳಿಮದುವೆಗೆ, ಅರವತ್ತರ ಹುಟ್ಟುಹಬ್ಬಕ್ಕೆ ನಾವು ಮೂವರು ಇಪ್ಪತ್ತಾರು ವರ್ಷ ನುಡಿಸಿದ್ದೆವು. ಅಂಥವನಿಗೆ ವಿಷಯ ತಿಳಿಸುವ ಕೆಲಸ ನನ್ನ ಪಾಲಿಗೆ ಬಂತು. ಒಂದು ವಾರ ಮಾತು ಹೊಂದಿಸಿಕೊಂಡೆ. ರುಬಾರ್ಬ್ ಎಂಬ ಹುಳಿದಂಟು ಹಾಕಿದ ಕೇಕು ಮಾಡಿಕೊಂಡು ಅವನ ಮನೆಗೆ ಹೋದೆ. ಕಾಲ ಬದಲಾಗಿದೆ, ಜನ ಮೊದಲಿನಷ್ಟು ಹಣ ಕೊಡುವುದಿಲ್ಲ, ನಿನ್ನ ಮೇಲೆ ನಮಗೆ ಎಷ್ಟು ಗೌರವ ಎಂದೆಲ್ಲ ಹೇಳಿದೆ. ಅವನು ಪೂರ್ತಿ ಕೇಳಿಸಿಕೊಂಡ.

"ಸರಿ," ಅಂದ.

"ಬೇಜಾರಾಯ್ತಾ, ಟಾರ್ಕಿಲ್?"

"ಇನ್ನೊಂದು ತುಂಡು ಕೊಡ್ತೀಯಾ? ಹುಳಿ ಚೆನ್ನಾಗಿ ಕೂತಿದೆ."

ದುಃಖವನ್ನು ನುಂಗಿಕೊಂಡಿದ್ದಾನೆ ಅಂದುಕೊಂಡೆ. ದಾರಿಯುದ್ದಕ್ಕೂ ಅಳುತ್ತಾ ಮನೆಗೆ ಬಂದೆ.

ಮರುದಿನವೇ ಪ್ರೆಬೆನ್ ಸ್ಟ್ರೂಯರ್ ಊರಿನ ಹಳೆಸಾಮಾನಿನ ಅಂಗಡಿಯಿಂದ ತಾಳದ ಯಂತ್ರವೊಂದನ್ನು ತಂದ. ಬ್ರೆಡ್ಡಿನ ಡಬ್ಬಿಯಷ್ಟು ದೊಡ್ಡದು. ಒಂದು ಗುಂಡಿ ಒತ್ತಿದರೆ ಜೋಡಿ ಕುಣಿತದ ವಾಲ್ಟ್ಸ್ ತಾಳ, ಇನ್ನೊಂದು ಒತ್ತಿದರೆ ಅಬ್ಬರದ ಸಾಂಬಾ.

"ನೋಡು ಬೋದಿಲ್, ಇದು ಬಿಯರ್ ಕೇಳಲ್ಲ, ಬೆನ್ನುನೋವು ಅನ್ನಲ್ಲ, ತಪ್ಪೂ ಮಾಡಲ್ಲ," ಎಂದು ಅದರ ಬೆನ್ನು ತಟ್ಟಿದ.

ತಪ್ಪು ಮಾಡುವುದಿಲ್ಲ ಅನ್ನುವುದೇ ಅದರ ದೋಷವಾಗಿತ್ತು. ನಮ್ಮಲ್ಲಿ ಮದುಮಕ್ಕಳು ವಾಲ್ಟ್ಸ್ ಕುಣಿಯುವಾಗ ಅತಿಥಿಗಳು ಸುತ್ತ ನಿಂತು ಚಪ್ಪಾಳೆ ತಟ್ಟುತ್ತಾ ಒಂದೊಂದೇ ಹೆಜ್ಜೆ ಮುಂದೆ ಬರುತ್ತಾರೆ. ಕೊನೆಗೆ ಇಬ್ಬರಿಗೂ ಅಲುಗಾಡಲು ಜಾಗವಿರುವುದಿಲ್ಲ. ವರ್ತುಲ ಕಿರಿದಾದಂತೆ ಟಾರ್ಕಿಲ್ ವೇಗ ಏರಿಸುತ್ತಿದ್ದ. ಮದುಮಗನಿಗೆ ಮಂಡಿನೋವಿದ್ದರೆ ಇಳಿಸುತ್ತಿದ್ದ. ಯಂತ್ರಕ್ಕೆ ಯಾರ ಮಂಡಿಯೂ ಕಾಣುತ್ತಿರಲಿಲ್ಲ. ಅದನ್ನು ಒಯ್ದ ಮೊದಲ ಬೆಳ್ಳಿಮದುವೆಯಲ್ಲೇ ಜನರ ಚಪ್ಪಾಳೆ ಒಂದು ಕಡೆ, ಅದು ಒಂದು ಕಡೆ ಹೋಯಿತು. ಸರಿಮಾಡಲು ಪ್ರೆಬೆನ್ ಗಾಬರಿಯಲ್ಲಿ ಗುಂಡಿ ಒತ್ತಿದ, ಸಾಂಬಾ ಶುರುವಾಯಿತು. ಇಪ್ಪತ್ತೈದು ವರ್ಷ ಸಂಸಾರ ಮಾಡಿದ್ದ ಆ ಜೋಡಿ ಕೈ ಬಿಡದೆ, ಕಾಲು ಮಾತ್ರ ನಿಲ್ಲಿಸಿ, ನಮ್ಮನ್ನೇ ನೋಡುತ್ತಾ ನಿಂತಿತು.

"ನಿಮ್ಮ ಡಬ್ಬಿ ಯಾರಿಗೂ ಕಾಯಲ್ಲ ಕಣಮ್ಮಾ," ಎಂದ ಮದುಮಗನ ಅಪ್ಪ, ಹೊರಡುವಾಗ.

ಯಂತ್ರ ಅಟ್ಟ ಸೇರಿತು. ಆಮೇಲೆ ಪ್ರೆಬೆನ್ ಫೋನಿನಲ್ಲಿ ಪುಕ್ಕಟೆಯಾಗಿ ಸಿಗುವ ತಾಳವೊಂದನ್ನು ಹುಡುಕಿದ. ಅದರಲ್ಲಿ ವೇಗವನ್ನು ಬೆರಳಿನಿಂದಲೇ ಏರಿಸಿ ಇಳಿಸಬಹುದಿತ್ತು. ಎರಡು ಸಮಾರಂಭ ಸುಸೂತ್ರವಾಗಿ ನಡೆದವು. ಮೂರನೆಯದರಲ್ಲಿ, ವಾಲ್ಟ್ಸಿನ ನಡುಮಧ್ಯೆ, ತಾಳ ನಿಂತು ಫೋನು ರಿಂಗಾಯಿತು. ಎರಡು ದೊಡ್ಡ ಸ್ಪೀಕರಿನಲ್ಲಿ. ಪ್ರೆಬೆನ್ ಕರೆಯನ್ನು ಕಟ್ ಮಾಡಲು ಹೋಗಿ ಎತ್ತಿಕೊಂಡುಬಿಟ್ಟ.

"ಪ್ರೆಬೆನ್, ನೀನು ಆಲೂಗೆಡ್ಡೆ ಒಯ್ತೀಯೋ ಇಲ್ವೋ? ಮೊಳಕೆ ಬರ್ತಿದೆ," ಎಂದು ಅವನ ಅಕ್ಕನ ಧ್ವನಿ ನೂರಹತ್ತು ಅತಿಥಿಗಳನ್ನು ಕೇಳಿತು.

ಮೂರನೆಯ ಉಪಾಯವೇ ಚೆನ್ನಾಗಿತ್ತು ಎಂದು ನಾನು ಈಗಲೂ ಹೇಳುತ್ತೇನೆ. ನನ್ನ ಅತ್ತೆಯ ಹಳೆಯ ರಟ್ಟಿನ ಸೂಟ್‌ಕೇಸನ್ನು ಅಡ್ಡ ನಿಲ್ಲಿಸಿ, ಅದಕ್ಕೆ ಪ್ರೆಬೆನ್ ಕಾಲಿನಿಂದ ಬಡಿಯುವ ಪೆಡಲು ಕಟ್ಟಿದ. ಅಕಾರ್ಡಿಯನ್ ನುಡಿಸುತ್ತಲೇ ಒದೆಯಬಹುದು. ಒಳಗೆ ಒಂದು ಹಳೆಯ ಕಂಬಳಿ ತುರುಕಿದ ಮೇಲೆ ಗುಂಡಿಗೆಗೆ ತಾಗುವಂಥ ಸದ್ದು ಬಂತು. ಅತ್ತೆ ಪ್ರಾರ್ಥನಾಮಂದಿರದ ಕಟ್ಟಾ ಭಕ್ತೆ. ಕುಣಿತ ಪಾಪವೆಂದು ನಂಬಿ, ಮಗನ ಮದುವೆಯಲ್ಲಿ ಸಂಗೀತ ಶುರುವಾದ ಕೂಡಲೇ ಕೋಟು ಹಾಕಿಕೊಂಡು ಮನೆಗೆ ನಡೆದಿದ್ದವರು. ಅವರ ಸೂಟ್‌ಕೇಸಿನ ತಾಳಕ್ಕೆ ಆ ಬೇಸಿಗೆ ಇಡೀ ತಾಲೂಕು ಕುಣಿಯಿತು.

ಆಗಸ್ಟಿನಲ್ಲಿ ಎಲ್ನಾ ಮತ್ತು ಕ್ರೆಸ್ಟೆನ್‌ರ ಬೆಳ್ಳಿಮದುವೆ. ಎಲ್ನಾ ಟಾರ್ಕಿಲ್‌ನ ಚಿಕ್ಕಪ್ಪನ ಮಗಳು. ಹೀಗಾಗಿ ಅವನೂ ಹೆಂಡತಿಯೊಂದಿಗೆ, ಕಪ್ಪು ಸೂಟು ತೊಟ್ಟು, ಹುರಿದ ಹಂದಿಮಾಂಸದ ತಟ್ಟೆಯ ಮುಂದೆ ಕುಳಿತಿದ್ದ. ಅವನತ್ತ ನೋಡಲು ನನಗೆ ಧೈರ್ಯವಾಗಲಿಲ್ಲ. ವಾಲ್ಟ್ಸ್ ಶುರುವಾಯಿತು, ಜನ ಒತ್ತರಿಸಿ ಬಂದರು, ಟಾರ್ಕಿಲ್ ಕೇಳುತ್ತಿದ್ದಾನೆಂಬ ಹುಮ್ಮಸ್ಸಿನಲ್ಲಿ ಪ್ರೆಬೆನ್ ಜೋರಾಗಿ ಒದ್ದ. ಸೂಟ್‌ಕೇಸಿನ ರಟ್ಟು ಹರಿದು ಪೆಡಲು ಒಳಗೆ ಹೋಯಿತು. ಹಿಂದೆಯೇ ಅವನ ಬೂಟೂ ಹೋಗಿ ಸಿಕ್ಕಿಕೊಂಡಿತು.

ಒಂದು ಕ್ಷಣ ಚಪ್ಪಾಳೆ ಚದುರಿತು. ಅಷ್ಟರಲ್ಲಿ ಮೇಜುಗಳ ಕಡೆಯಿಂದ ಟಕ್ ಟಕ್ ಕೇಳಿಸಿತು. ಟಾರ್ಕಿಲ್ ಕುಳಿತಲ್ಲಿಂದ ಏಳದೆ, ಸಾರು ಬಡಿಸುವ ಎರಡು ಚಮಚ ಹಿಡಿದು ಮೇಜಿನ ಅಂಚಿಗೆ ಬಾರಿಸುತ್ತಿದ್ದ. ಬಾಯಲ್ಲಿನ್ನೂ ತುತ್ತಿತ್ತು. ಪಕ್ಕದ ಮೇಜಿನವರು ಕಾಲು ನೆಲಕ್ಕೆ ಬಡಿದರು, ಇಡೀ ಭವನ ಸೇರಿಕೊಂಡಿತು. ಪ್ರೆಬೆನ್ ಒಂದು ಕಾಲು ಸೂಟ್‌ಕೇಸಿನಲ್ಲಿಟ್ಟುಕೊಂಡೇ ನುಡಿಸಿದ. ಇಪ್ಪತ್ತಾರು ವರ್ಷದಲ್ಲಿ ನಾವು ಅಷ್ಟು ಚೆನ್ನಾಗಿ ನುಡಿಸಿದ್ದು ನನಗೆ ನೆನಪಿಲ್ಲ.

ವಾರಪೂರ್ತಿ ಯೋಚಿಸಿ ಪ್ರೆಬೆನ್ ಟಾರ್ಕಿಲ್‌ಗೆ ಫೋನು ಮಾಡಿದ. ಪಕ್ಕದಲ್ಲಿದ್ದ ನನಗೂ ಕೇಳಿಸುತ್ತಿತ್ತು.

"ಡ್ರಮ್ಮು ಬೇಡ, ಬರೀ ಚಮಚ ತಗೊಂಡು ಬಾ ಮಾರಾಯ. ಶನಿವಾರ ಬೊವ್ಲಿಂಗ್ ಊರಲ್ಲಿ ಕಾರ್ಯಕ್ರಮ ಇದೆ."

"ಶನಿವಾರ ಆಗಲ್ಲ. ನಮ್ಮನ್ನ ಊಟಕ್ಕೆ ಕರೆದಿದ್ದಾರೆ."

"ಎಲ್ಲಿಗೆ?"

"ಬೊವ್ಲಿಂಗ್‌ಗೇ. ಅವರ ಪರಿಚಯ ನನಗೆ ಅಷ್ಟಿಲ್ಲ, ಆದ್ರೆ ಬರ್ಲೇಬೇಕು ಅಂದ್ರು. ಅದರ ಮುಂದಿನ ವಾರನೂ ಒಂದಿದೆ."

ಅರ್ಥವಾಗಲು ನಮಗೆ ಸ್ವಲ್ಪ ಹೊತ್ತು ಹಿಡಿಯಿತು. ಡ್ರಮ್ಮಿನವನಿಗೆ ಕೂಲಿ ಕೊಡುವುದಕ್ಕಿಂತ ಅವನಿಗೂ ಹೆಂಡತಿಗೂ ಇನ್ನೆರಡು ತಟ್ಟೆ ಊಟ ಹಾಕುವುದು ಅಗ್ಗವೆಂದು ಜನ ಕಂಡುಕೊಂಡಿದ್ದರು. ಅಗ್ಗದ ತಾಳಕ್ಕಾಗಿ ನಾವು ತಿಂಗಳುಗಟ್ಟಲೆ ಪರದಾಡಿದ್ದೆವು. ಅವರು ಒಂದು ಆಹ್ವಾನಪತ್ರದಲ್ಲಿ ಮುಗಿಸಿದರು.

ಬೊವ್ಲಿಂಗ್‌ನ ಭವನದ ಅಂಗಳದಲ್ಲಿ ಟಾರ್ಕಿಲ್ ಸಿಕ್ಕ. ಮೈ ತುಂಬಿಕೊಂಡಿದ್ದ. ನಾನು ಕೊನೆಗೂ ಕ್ಷಮೆ ಕೇಳಿದೆ.

"ಕ್ಷಮೆ ಯಾಕೆ?" ಎಂದ. "ಬಿಡಬೇಕು ಅಂತ ನಾನೇ ಮೂರು ವರ್ಷದಿಂದ ಅಂದ್ಕೊಂಡಿದ್ದೆ. ಆ ಡ್ರಮ್ಮು ಹೊತ್ತು ಹೊತ್ತು ಸಾಕಾಗಿತ್ತು. ನಿಮಗೆ ನೋವಾಗುತ್ತೆ ಅಂತ ಬಾಯಿ ಬರ್ಲಿಲ್ಲ. ನೀನು ಕೇಕ್ ತಗೊಂಡು ಬಂದ ದಿನ ರಾತ್ರಿ ಎಷ್ಟು ಚೆನ್ನಾಗಿ ನಿದ್ದೆ ಬಂತು ಗೊತ್ತಾ?"

ಪ್ರೆಬೆನ್ ಒಬ್ಬನೇ ಸ್ಪೀಕರು ಹೊತ್ತು ಒಳಗೆ ಹೋಗುತ್ತಿದ್ದ. ಟಾರ್ಕಿಲ್ ಅವನಿಗೆ ಬಾಗಿಲು ತೆರೆದು ಹಿಡಿದ. ಹೊರಲು ಕೈ ಹಾಕಲಿಲ್ಲ, ಅತಿಥಿಯಲ್ಲವೇ.

ವಾದ್ಯದವರಿಗೆ ಊಟ ಎಂದಿನಂತೆ ಅಡುಗೆಮನೆಯಲ್ಲಿ. ನಾವಿಬ್ಬರೂ ಕಪಾಟಿಗೆ ಒರಗಿ ನಿಂತೇ ತಿನ್ನುತ್ತಿದ್ದಾಗ ಬಾಗಿಲಿನಾಚೆ ಚಮಚದ ಸದ್ದು ಶುರುವಾಯಿತು, ಅದರ ಹಿಂದೆಯೇ ಕಾಲುಗಳ ಸದ್ದು. ನಮ್ಮನ್ನು ಯಾರೂ ಕರೆದಿರಲಿಲ್ಲ.

"ನಾವಿಲ್ಲದೇನೇ ಶುರು ಮಾಡಿದ್ನಲ್ಲ ಇವನು," ಎಂದು ಪ್ರೆಬೆನ್ ಬಾಯಲ್ಲಿದ್ದ ಆಲೂಗೆಡ್ಡೆಯನ್ನು ನುಂಗಿ, ಅಕಾರ್ಡಿಯನ್ನಿನ ಪಟ್ಟಿಯನ್ನು ಹೆಗಲಿಗೇರಿಸುತ್ತಾ ಓಡಿದ.