ನೀಲವ್ವ ಕೆತ್ತಿದ ಹಿಡಿ

ನಾನು ಒಂದು ಹಿಡಿ. ಬಾಗಿಲಿಗೂ ಕೊಡಲಿಗೂ ಇರುವಂಥ ಹಿಡಿಯಲ್ಲ. ಗೋಡೆ ಹತ್ತುವುದನ್ನು ಕಲಿಯುವವರು ಬೆರಳೂರಲೆಂದು ಹಲಗೆಗೆ ಬೋಲ್ಟು ಹಾಕಿ ಬಿಗಿಯುವ, ಅಂಗೈ ಅಗಲದ ಸಾಗವಾನಿ ತುಂಡು. ಅದಕ್ಕೂ ಮೊದಲು ಬಾದಾಮಿಯ ಒಂದು ಹಳೆಯ ಮನೆಯಲ್ಲಿ ತೊಲೆಯಾಗಿದ್ದೆ. ಎಂಬತ್ತು ವರ್ಷ ಮಾಳಿಗೆಯ ಮಣ್ಣು ಹೊತ್ತಿದ್ದೆ. ಆ ಮನೆ ಕೆಡವಿದ ದಿನ, ಇನ್ನು ಸಾಕು, ಎಲ್ಲಾದರೂ ಬಿದ್ದುಕೊಳ್ಳೋಣ ಎಂದುಕೊಂಡೆ. ಆದರೆ ಮರಕ್ಕೆ ವಿಶ್ರಾಂತಿ ಅಷ್ಟು ಸುಲಭಕ್ಕೆ ಸಿಗುವುದಿಲ್ಲ. ದೇವೇಂದ್ರಪ್ಪ ಬಡಿಗೇರ ಎಂಬಾತ ಆ ತೊಲೆಯನ್ನು ಚಕ್ಕಡಿಯಲ್ಲಿ ಹೇರಿಸಿಕೊಂಡು ಬಂದು ತನ್ನ ಮನೆಯ ಪಡಸಾಲೆಗೆ ಒರಗಿಸಿದ.

ಆ ಪಡಸಾಲೆಯೇ ಅವನ ಕೆಲಸದ ಜಾಗ. ಒಂದು ಕಾಲಕ್ಕೆ ಅಲ್ಲಿ ತೊಟ್ಟಿಲು, ಮಂಚ, ಬಾಗಿಲ ಚೌಕಟ್ಟು ತಯಾರಾಗುತ್ತಿದ್ದವಂತೆ. ನಾನು ಬರುವ ಹೊತ್ತಿಗೆ ಊರಿನವರು ಅಂಗಡಿಯಿಂದ ಸಿದ್ಧ ಬಾಗಿಲು ತರತೊಡಗಿದ್ದರು. ಅದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿತ್ತು. ಅದು ಹೊರಗೆ ಯಾರಿಗೂ ಗೊತ್ತಿರಲಿಲ್ಲ. ಮೂರು ವರ್ಷದಿಂದ ದೇವೇಂದ್ರಪ್ಪನ ಬಲಗೈ ನಡುಗುತ್ತಿತ್ತು. ಅವನು ಚಹಾ ಹಿಡಿದರೆ ಕಪ್ಪು ಬಸಿಯ ಮೇಲೆ ಕಟಕಟ ಸದ್ದು ಮಾಡುತ್ತಿತ್ತು. ಯಾರಾದರೂ ಬಂದರೆ ಆ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತು ಮಾತನಾಡುತ್ತಿದ್ದ.

ಕೆಲಸ ಮಾಡುತ್ತಿದ್ದವಳು ಅವನ ಹೆಂಡತಿ ನೀಲವ್ವ. ಮೂವತ್ತು ವರ್ಷ ಗಂಡನ ಪಕ್ಕದಲ್ಲಿ ಕೂತು ಉಪ್ಪುಕಾಗದ ತಿಕ್ಕಿದವಳು, ಅವನ ಕೈ ನಿಂತ ಮೇಲೆ ಮಾತಿಲ್ಲದೆ ಉಳಿ ಎತ್ತಿಕೊಂಡಿದ್ದಳು. ಬೆಳಿಗ್ಗೆ ರೊಟ್ಟಿ ಬಡಿದು, ನೀರು ತುಂಬಿ, ಬಟ್ಟೆ ಒಗೆದು, ಆಮೇಲೆ ಯಾರಿಗೂ ಕಾಣದಂತೆ ಬಾಗಿಲು ಮುಂದೆ ಮಾಡಿ ಕೆಲಸಕ್ಕೆ ಕೂಡುತ್ತಿದ್ದಳು. ಅವಳಿಗಾಗ ಐವತ್ತೊಂದು. ಮೊಣಕಾಲು ಮಡಚುವಾಗಲೂ ಬಿಡಿಸುವಾಗಲೂ "ಶಿವನ" ಅನ್ನುತ್ತಿದ್ದಳು.

ಒಂದು ದಿನ ಮೆಹಬೂಬ ನದಾಫ ಬಂದ. ಊರಂಚಿನ ಹಳೆಯ ಶೇಂಗಾ ಗೋದಾಮಿನಲ್ಲಿ ಹಲಗೆಯ ಗೋಡೆ ಎಬ್ಬಿಸಿ, ಊರಿನ ಹುಡುಗ ಹುಡುಗಿಯರಿಗೆ ಬಂಡೆ ಹತ್ತುವುದನ್ನು ಕಲಿಸುತ್ತಿದ್ದವನು ಅವನು.

"ಕಾಕಾ, ಕಟಗೀಲೆ ಹಿಡಿ ಮಾಡಿಕೊಡ್ತೀರೇನ್ರಿ? ಮುಂಜಾನೆ ಕಲ್ಲ ಹಿಡದು, ಸಂಜೀಕ ಆ ಪ್ಲಾಸ್ಟಿಕ್ ಹಿಡಿ ಹಿಡದು, ಹುಡುಗೂರ ಬೆರಳಿನ ತೊಗಲ ಕಿತ್ತು ಹೊಂಟಾವ. ಕಟಗಿ ಆದ್ರ ತೊಗಲಿಗೆ ತಂಪ."

"ಎಷ್ಟ ಬೇಕು?"

"ಅರವತ್ತು."

ದೇವೇಂದ್ರಪ್ಪ ತೊಡೆಯ ಕೆಳಗಿನ ಕೈಯನ್ನು ಇನ್ನಷ್ಟು ಒತ್ತಿ ಹಿಡಿದ. "ಆತು, ಮಾಡೋಣ" ಅಂದ. ಒಳಗೆ ಹಿಟ್ಟು ನಾದುತ್ತಿದ್ದ ನೀಲವ್ವನ ಕೈ ಒಂದು ಗಳಿಗೆ ನಿಂತು ಮತ್ತೆ ನಾದತೊಡಗಿತು.

ನನ್ನ ಹುಟ್ಟು ಹೀಗಾಯಿತು. ಗರಗಸದಿಂದ ತೊಲೆಯನ್ನು ತುಂಡು ಮಾಡಿದಳು. ತುಂಡಿನ ಮೇಲೆ ಪೆನ್ಸಿಲಿನಿಂದ ಒಂದು ಗೆರೆ ಎಳೆದಳು. ಗೆರೆಯ ಹೊರಗಿನದನ್ನೆಲ್ಲ ಉಳಿಯಿಂದ ತೆಗೆದಳು. ಬೆರಳು ಕೂಡುವ ಕಡೆ ತಗ್ಗು ಮಾಡುವಾಗ ಮಾತ್ರ ಅಳತೆಪಟ್ಟಿ ಮುಟ್ಟಲಿಲ್ಲ. ತನ್ನದೇ ನಾಲ್ಕು ಬೆರಳು ಹಾಕಿ, ಕಣ್ಣು ಮುಚ್ಚಿ ಎಳೆದು ನೋಡಿ, ತುಸು ಕೆರೆದು, ಮತ್ತೆ ಎಳೆದು ನೋಡಿದಳು. ಬಾವಿಯ ಹಗ್ಗ ಸೇದಿದ ಬೆರಳುಗಳು ಅವು. ಭಾರ ಎಲ್ಲಿ ಕೂಡುತ್ತದೆಂದು ಅವಕ್ಕೆ ತಿಳಿದಿತ್ತು. ಆಮೇಲೆ ಅರ, ಉಪ್ಪುಕಾಗದ, ನಡುವೆ ಬೋಲ್ಟಿನ ತೂತು, ಕೊನೆಗೆ ಬಟ್ಟೆಯಿಂದ ಸವರಿದ ಅಗಸೆ ಎಣ್ಣೆ. ಬೆನ್ನ ಮೇಲೆ ಕಾದ ಕಬ್ಬಿಣದಿಂದ 'ದೇ. ಬ.' ಎಂದು ಗುರುತು ಒತ್ತಿದಳು. ಗುರುತು ಗಂಡನದು, ಒತ್ತಿದ ಕೈ ಅವಳದು.

ದೇವೇಂದ್ರಪ್ಪ ಎದುರಿಗೆ ಕೂತು ನೋಡುತ್ತಿದ್ದ. "ಅಲ್ಲಿ ಕಟಗಿ ಎಳಿ ಅಡ್ಡ ಐತಿ, ಸಾವಕಾಶ" ಎಂದು ಆಗಾಗ ಹೇಳುತ್ತಿದ್ದ. ಹೇಳಬೇಕಾದದ್ದನ್ನೇ ಹೇಳುತ್ತಿದ್ದ, ಅದರಲ್ಲಿ ಸುಳ್ಳಿಲ್ಲ. ಆದರೆ ಕೆಲಸ ಹಂಚಿಕೊಳ್ಳಲಾಗದವನ ಸಲಹೆ ಕೇಳುವುದೂ ಒಂದು ಕೆಲಸವೇ.

ನಾನು ನಲವತ್ತಾರನೆಯವನು. ನನ್ನ ಮಗ್ಗುಲಿನ ತುಂಡು ನಲವತ್ತೇಳನೆಯದು. ಅದನ್ನು ಕೆತ್ತುವಾಗ ಮಧ್ಯಾಹ್ನದ ಬಿಸಿಲು ಪಡಸಾಲೆಗೆ ಬಂದಿತ್ತು. ದೇವೇಂದ್ರಪ್ಪ ಗೋಡೆಗೊರಗಿ ತೂಕಡಿಸುತ್ತಿದ್ದ. ನೀಲವ್ವನ ಉಳಿ ಒಂದು ಕಪ್ಪು ಚುಕ್ಕೆಯ ಮೇಲೆ ನಿಂತಿತು. ಹಳೆಯ ಮೊಳೆಯ ತೂತು. ಯಾವ ಕಾಲಕ್ಕೋ ತೊಲೆಗೆ ಹೊಡೆದದ್ದು, ಒಳಗೊಳಗೇ ತುಕ್ಕು ತಿಂದದ್ದು. ಅವಳು ಅದನ್ನು ಬೆಳಕಿಗೆ ಹಿಡಿದು ನೋಡಿದಳು. ಎಸೆಯಬೇಕೆಂದು ಪಕ್ಕಕ್ಕೂ ಇಟ್ಟಳು. ಅರ್ಧ ದಿನದ ಕೆಲಸ. ಮೊಣಕಾಲು ನೋಯುತ್ತಿತ್ತು, ಕಣ್ಣು ಉರಿಯುತ್ತಿತ್ತು.  ಆಮೇಲೆ ಮತ್ತೆ ಎತ್ತಿಕೊಂಡು, ಮರದ ಪುಡಿಗೆ ಅಂಟು ಕಲಸಿ, ತೂತು ತುಂಬಿ, ಒಣಗಿಸಿ ತಿಕ್ಕಿದಳು. ಕುರ್ಚಿಗಾದರೆ ಅದು ನಡೆಯುತ್ತಿತ್ತು. ನನಗೆ ಬಾಯಿ ಇರಲಿಲ್ಲ.

ಅರವತ್ತೂ ಗೋಡೆ ಸೇರಿದವು. ಮಕ್ಕಳು ನಮ್ಮನ್ನು ಮುಟ್ಟಿ ಕೆನ್ನೆಗೆ ಒತ್ತಿಕೊಂಡರು. "ಬೆಣ್ಣಿ ಇದ್ಧಂಗ ಅದಾವ್ರಿ" ಎಂದಳು ಕಸ್ತೂರಿ. ಹತ್ತೊಂಬತ್ತರ ಹುಡುಗಿ, ಅಲ್ಲಿ ಹತ್ತುವವರಲ್ಲೆಲ್ಲ ಗಟ್ಟಿ. ಮುಂದಿನ ತಿಂಗಳು ಬೇರೆ ಊರಿನಲ್ಲಿ ಸ್ಪರ್ಧೆಗೆ ಹೋಗುವವಳಿದ್ದಳು. ದಿನಕ್ಕೆ ಮೂರು ತಾಸು ನಮ್ಮ ಮೇಲೆಯೇ ಇರುತ್ತಿದ್ದಳು.

ಎರಡನೆಯ ವಾರ ಅದಾಯಿತು. ಅವಳು ನನ್ನನ್ನು ಎಡಗೈಯಿಂದ ಹಿಡಿದು, ಮೈಯನ್ನು ತೂಗಿ, ಮೇಲಿನ ನಲವತ್ತೇಳಕ್ಕೆ ಹಾರಿದಳು. ಸಿಕ್ಕಿತು. ಪೂರ್ತಿ ಭಾರ ಬಿದ್ದ ಕೂಡಲೇ ಒಣ ಕಡ್ಡಿ ಮುರಿದಂಥ ಸದ್ದು. ಅರ್ಧ ಹಿಡಿ ಗೋಡೆಯಲ್ಲಿ ಉಳಿಯಿತು, ಇನ್ನರ್ಧ ಅವಳ ಕೈಯಲ್ಲಿತ್ತು. ಅವಳು ಕೆಳಗೆ ಹಾಸಿದ್ದ ಗಾದಿಯ ಅಂಚು ದಾಟಿ ಬಿದ್ದಳು.

ಮರುದಿನ ಮೆಹಬೂಬ ಉಳಿದ ಐವತ್ತೊಂಬತ್ತನ್ನೂ ಬಿಚ್ಚಿ ಚೀಲಕ್ಕೆ ತುಂಬಿಕೊಂಡು ಬಡಿಗೇರರ ಮನೆಗೆ ಬಂದ. ನಮ್ಮನ್ನು ಪಡಸಾಲೆಯಲ್ಲಿ ಇಳಿಸಿ, ಮುರಿದ ಎರಡು ಹೋಳುಗಳನ್ನು ದೇವೇಂದ್ರಪ್ಪನ ಮುಂದಿಟ್ಟ. ಮೆಹಬೂಬನ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು.

"ಕಾಕಾ, ಕಸ್ತೂರಿ ಬಿದ್ದಾಳ. ಬಲಗೈ ಮಣಿಕಟ್ಟು ಮುರದೈತಿ. ಇಲ್ನೋಡ್ರಿ, ಒಳಗ ಮೊಳಿ ತೂತು. ಪುಡಿ ತುಂಬ್ಯಾರ."

ದೇವೇಂದ್ರಪ್ಪ ಎಡಗೈಯಿಂದ ಹೋಳನ್ನೆತ್ತಿಕೊಂಡು ಹೊರಳಿಸಿ ನೋಡಿದ. ಅವನಿಗೆ ಆ ತೂತಿನ ಸಂಗತಿ ಗೊತ್ತೇ ಇರಲಿಲ್ಲ. ಆದರೂ ಹೇಳಿದ: "ನಾನ ಮಾಡೀನಿ. ನನ್ನ ಕಣ್ಣ ತಪ್ಪಿತಪಾ. ತಪ್ಪು ನಂದ ಐತಿ."

ಅಡುಗೆಮನೆಯ ಬಾಗಿಲಲ್ಲಿ ನೀಲವ್ವ ನಿಂತಿದ್ದಳು. ಸೆರಗಿಗೆ ಕೈ ಒರೆಸಿಕೊಂಡು ಹೊರಗೆ ಬಂದಳು.

"ಅವರಲ್ಲ. ನಾ ಮಾಡಿದ್ದು."

"ನೀ ಒಳಗ ನಡಿ" ಅಂದ ದೇವೇಂದ್ರಪ್ಪ.

"ನಡಿಯಾಂಗಿಲ್ಲ. ಅರವತ್ತೂ ನಾನ ಮಾಡೀನಿ, ಮೆಹಬೂಬ. ಆ ತೂತು ನನಗ ಕಂಡಿತ್ತು. ಕಂಡಿದ್ದಿಲ್ಲ ಅಂತ ಹ್ಯಾಂಗ ಹೇಳ್ಲಿ? ಅವತ್ತ ಸಾಕಾಗಿತ್ತು. ಒಂದ ತಾನ, ನಡೀತೈತಿ ಅಂತ ತುಂಬಿಬಿಟ್ಟೆ."

ಮೆಹಬೂಬ ಅವಳನ್ನು ನೋಡಿದ, ಆಮೇಲೆ ದೇವೇಂದ್ರಪ್ಪನನ್ನು ನೋಡಿದ. ದೇವೇಂದ್ರಪ್ಪನ ಬಲಗೈ ತೊಡೆಯ ಕೆಳಗಿನಿಂದ ಯಾವಾಗಲೋ ಹೊರಗೆ ಬಂದಿತ್ತು. ಅದು ಮಂಡಿಯ ಮೇಲೆ ತನ್ನಷ್ಟಕ್ಕೆ ನಡುಗುತ್ತಿತ್ತು. 

"ಉಳದಾವು ಏನ್ಮಾಡೂದು ಕಾಕಿ?" ಎಂದು ಮೆಹಬೂಬ ಅವಳನ್ನೇ ಕೇಳಿದ.

"ಬಿಟ್ಟು ಹೋಗು. ಎರಡ ದಿನ ಕೊಡು."

ಅವನು ಹೋದ ಮೇಲೆ ದೇವೇಂದ್ರಪ್ಪ ತಲೆ ತಗ್ಗಿಸಿಯೇ ಹೇಳಿದ: "ನಿನಗ ಕೆಟ್ಟ ಮಾತು ಬರಬಾರದಂತ ಹಂಗ ಅಂದೆ."

"ಗೊತ್ತೈತ್ರಿ" ಅಂದಳು ನೀಲವ್ವ. "ಆದ್ರ ಕೆಟ್ಟಿದ್ದು ನಿಮ್ಮ ಹೆಸರಿಗೆ ಹ್ವಾದ್ರ, ಛಲೋ ಇದ್ದದ್ದೂ ನಿಮ್ಮ ಹೆಸರಿಗೇ ಹೋಗ್ತಾವ."

ಅದನ್ನು ಅವಳು ಜಗಳಕ್ಕೆ ಹೇಳಲಿಲ್ಲ. ದಣಿದವರು ಕೊಡ ಕೆಳಗಿಳಿಸುವ ಹಾಗೆ ಇಳಿಸಿದಳು.

ಆ ಮಧ್ಯಾಹ್ನ ಅವಳು ಕಸ್ತೂರಿಯ ಮನೆಗೆ ಹೋಗಿ ಬಂದಳು. ಬಂದು ಗಂಡನಿಗೆ ಹೇಳಿದ್ದನ್ನು ಕೇಳಿದೆ. ಹುಡುಗಿ ಬಯ್ಯಲಿಲ್ಲವಂತೆ. ಕೊರಳಿಗೆ ಕೈ ಕಟ್ಟಿಕೊಂಡು ಕೂತಿದ್ದಳಂತೆ. "ಮುಂದಿನ ತಿಂಗಳ ಹೋಗೂದಿತ್ತ್ರಿ ನಾ" ಎಂದಷ್ಟೇ ಅಂದಳಂತೆ.  ನೀಲವ್ವ ಅವಳ ಪಕ್ಕದಲ್ಲಿ ಕೂತಿದ್ದು ಎದ್ದು ಬಂದಿದ್ದಳು.

ಮರುದಿನ ಬೆಳಿಗ್ಗೆ ಪಡಸಾಲೆಯ ಜಂತಿಗೆ ಒಂದು ಹಲಗೆ ಕಟ್ಟಿದಳು. ನಮ್ಮನ್ನು ಒಂದೊಂದಾಗಿ ಅದಕ್ಕೆ ಬಿಗಿದಳು. ಸೀರೆಯನ್ನು ಕಚ್ಚೆ ಹಾಕಿ, ಸ್ಟೂಲಿನ ಮೇಲೆ ಹತ್ತಿ, ಹಿಡಿದು ನೇತಾಡಿದಳು. ಮೂರು ಹಿಡಿ ಆದ ಮೇಲೆ ಇಳಿದು ನಿಂತಳು.

"ನನ್ನೊಬ್ಬಾಕಿ ಭಾರ ಸಾಲೂದಿಲ್ಲ. ಹುಡುಗೂರು ಹಾರಿ ಹಿಡೀತಾರ. ನೀವು ನನ್ನ ನಡ ಹಿಡಕೊಂಡು ಜೋತು ಬೀಳ್ರಿ."

"ಹುಚ್ಚ ಹಿಡದೈತೇನ ನಿನಗ?"

"ಹಿಡೀರಿ ಅಂದ್ನೆಲ್ಲ."

ಹೀಗೆ ಅರವತ್ತು ದಾಟಿದ ಗಂಡ ಐವತ್ತು ದಾಟಿದ ಹೆಂಡತಿಯ ನಡುವನ್ನು ಎರಡೂ ಕೈಯಿಂದ ಬಳಸಿ ಕಾಲೆತ್ತಿದ. ಬೀದಿಯವರು ನೋಡಿದ್ದರೆ ನಗುತ್ತಿದ್ದರು. ಬಾಗಿಲು ಮುಂದೆ ಮಾಡಿತ್ತು. ನನ್ನ ಸರದಿ ಬಂದಾಗ ಇಬ್ಬರ ಭಾರವೂ ನನ್ನ ಮೇಲೆ ಬಿತ್ತು. ಅವನ ಕೈಯ ನಡುಕ ಅವಳ ಮೈಯೊಳಗಿಂದ ಹಾದು, ಅವಳ ಬೆರಳಿಗೆ ಬಂದು, ನನ್ನೊಳಗೂ ಇಳಿಯಿತು. ಎಂಬತ್ತು ವರ್ಷ ಮಾಳಿಗೆ ಹೊತ್ತವನು ನಾನು. ಅಷ್ಟು ಭಾರ ಎಂದೂ ಹೊತ್ತಿರಲಿಲ್ಲ.

ಎರಡು ದಿನ ಹಿಡಿಯಿತು. ಅವಳ ಬೆರಳ ತುದಿಗಳು ಬಾತುಕೊಂಡವು. ಎರಡನೆಯ ದಿನ ರೊಟ್ಟಿ ಬಡಿಯಲಾಗದೆ ಅನ್ನ ಮಾಡಿದಳು. ನಾಲ್ಕು ಹಿಡಿಗಳು ಸಣ್ಣಗೆ ಸದ್ದು ಮಾಡಿದವು. ಅವುಗಳನ್ನು ಮತ್ತೆ ನೋಡದೆ ಕೊಡಲಿಯಿಂದ ಸೀಳಿದಳು. ಐವತ್ತೈದು ಉಳಿದೆವು.

"ಬೆನ್ನ ಮ್ಯಾಲಿಂದು ನನ್ನ ಗುರುತು ಕೆರದು ಹಾಕು" ಎಂದ ದೇವೇಂದ್ರಪ್ಪ.

"ಐವತ್ತೈದು ಕೆರಿಯಾಕ ನನ್ನಲ್ಲಿ ತ್ರಾಣ ಇಲ್ಲ. ಇರ್ಲಿ ಬಿಡ್ರಿ."

ಗುರುತು ಇದ್ದೇ ಬಿಟ್ಟಿತು, ಅದರೊಂದಿಗೇ ನಾವು ಮತ್ತೆ ಗೋಡೆ ಸೇರಿದೆವು. ಆದರೆ ಅಂದಿನಿಂದ ಮೆಹಬೂಬ ಬಂದಾಗ ದೇವೇಂದ್ರಪ್ಪ ಎರಡೂ ಕೈ ಹೊರಗಿಟ್ಟುಕೊಂಡು ಕೂಡುತ್ತಿದ್ದ. "ಆಕಿಗೆ ಕೇಳು" ಎನ್ನುತ್ತಿದ್ದ. ಬೇರೆ ಊರುಗಳಿಂದಲೂ ಹಿಡಿ ಕೇಳಿ ಜನ ಬಂದರು. ಅವರಿಗೂ ಅದೇ ಮಾತು.

ಕಸ್ತೂರಿ ನಾಲ್ಕು ತಿಂಗಳ ಮೇಲೆ ಗೋದಾಮಿಗೆ ಬಂದಳು. ಆ ಸ್ಪರ್ಧೆ ಮುಗಿದು ಹೋಗಿತ್ತು. ಗೋಡೆಯ ಮುಂದೆ ಬಹಳ ಹೊತ್ತು ನಿಂತಿದ್ದು, ಕೊನೆಗೆ ನನ್ನ ಮೇಲೆ ಕೈಯಿಟ್ಟಳು. ಹಿಡಿಯಲಿಲ್ಲ, ಇಟ್ಟಳು. ಬೆರಳು ತಣ್ಣಗಿದ್ದವು. ನಂಬು ಎಂದು ಹೇಳಲು ನನಗೆಲ್ಲಿ ಬಾಯಿ? ಅಲ್ಲಾಡದೆ ಇರುವುದೊಂದೇ ನನಗೆ ಗೊತ್ತಿದ್ದ ಮಾತು. ಆ ದಿನ ಅವಳು ನೆಲದಿಂದ ಒಂದು ಮೊಳ ಮೇಲೆ ಹೋಗಿ ಇಳಿದಳು. ಮರುದಿನ ಎರಡು ಮೊಳ. ಮೊದಲಿನ ಹಾಗೆ ಹಾರಲು ಎರಡು ವರ್ಷ ಬೇಕಾಯಿತು. ಆ ಮಣಿಕಟ್ಟು ಮಾತ್ರ ಇಂದಿಗೂ ಸ್ವಲ್ಪ ಸೊಟ್ಟಗೇ ಇದೆ.

ಆಮೇಲಿನ ಹನ್ನೊಂದು ವರ್ಷಗಳಲ್ಲಿ ಹೇಳುವಂಥದ್ದು ಕಡಿಮೆ. ಬೆವರಿದ ಕೈ, ಜಾರದಿರಲೆಂದು ಬಿಳಿ ಪುಡಿ ಮೆತ್ತಿದ ಕೈ, ಹೆದರಿದ ಕೈ. ವಾರಕ್ಕೊಮ್ಮೆ ಬ್ರಶ್ಶಿನ ಉಜ್ಜಾಟ. ಎಷ್ಟು ಜನ ಹತ್ತಿದರೂ ನಾನು ಇದ್ದಲ್ಲೇ ಇದ್ದೆ. ಕೂತಲ್ಲೇ ಇರುವವನಿಗೆ ದಣಿವೇನು ಎಂದು ನೀವು ಕೇಳಬಹುದು. ಕದಲದೆ ಇರುವುದೇ ಕೆಲಸವಾದರೆ ಅದರಷ್ಟು ದಣಿಸುವ ಕೆಲಸ ಬೇರೆ ಇಲ್ಲ. ಕೊನೆಗೆ ನನ್ನ ಮೈ ಗಾಜಿನ ಹಾಗೆ ನುಣುಪಾಯಿತು. ಬೆರಳು ಜಾರತೊಡಗಿದವು.

ಮೆಹಬೂಬನಿಗೆ ವಯಸ್ಸಾಗಿ ಗೋಡೆಯನ್ನು ಈಗ ಕಸ್ತೂರಿಯೇ ನಡೆಸುತ್ತಾಳೆ. ಹೋದ ಚಳಿಗಾಲದಲ್ಲಿ ಅವಳು ನಮ್ಮನ್ನು ಬಿಚ್ಚಿ, ಚೀಲಕ್ಕೆ ಹಾಕಿ, ನೀಲವ್ವನ ಮನೆಗೆ ತಂದಳು. ದೇವೇಂದ್ರಪ್ಪ ತೀರಿಕೊಂಡು ಮೂರು ವರ್ಷವಾಗಿತ್ತಂತೆ. ಪಡಸಾಲೆಯಲ್ಲಿ ಹೊಸ ಮರದ ವಾಸನೆಯಿತ್ತು, ಆದರೆ ತುಸುವೇ.

"ಅವ್ವಾ, ಇವು ಸವದು ಹೋಗ್ಯಾವ. ಹೊಸಾವು ಬೇಕಾಗಿದ್ದುವು. ಅರವತ್ತು."

"ಹತ್ತು ಮಾಡ್ತೀನಿ" ಅಂದಳು ನೀಲವ್ವ. "ಅರವತ್ತು ಅನಬ್ಯಾಡ."

"ಹತ್ತ ಮಾಡ್ರಿ ಹಂಗಾರ. ಇವನ್ನ ಎಲ್ಲಿಡ್ಲಿ?"

"ಬಚ್ಚಲ ಒಲಿ ಮಗ್ಗಲಕ ಸುರುವು. ನೀರ ಕಾಸಾಕ ಬರ್ತಾವ."

ಕಸ್ತೂರಿ ಒಂದು ಕ್ಷಣ ಅವಳ ಮುಖ ನೋಡಿದಳು. ಆಮೇಲೆ ಹೇಳಿದ ಕಡೆ ಸುರುವಿದಳು.

ಈಗ ನಾನು ಆ ಒಲೆಯ ಪಕ್ಕದಲ್ಲಿದ್ದೇನೆ. ಮುಂಜಾನೆ ನೀಲವ್ವ ಬಂದು "ಶಿವನ" ಎಂದು ಕುಕ್ಕರಗಾಲಲ್ಲಿ ಕೂತು, ಗುಡ್ಡೆಯಿಂದ ಕೈಗೆ ಸಿಕ್ಕಿದ್ದನ್ನು ತೆಗೆದು ಒಲೆಗೆ ಇಡುತ್ತಾಳೆ. ತಿರುಗಿಸಿ ನೋಡುವುದಿಲ್ಲ. ಎಣ್ಣೆ ಕುಡಿದ ಸಾಗವಾನಿ, ಚೆನ್ನಾಗಿ ಉರಿಯುತ್ತದೆ. ನೀರು ಕಾದ ಮೇಲೆ ಅವಳು ಮೊದಲು ಮಾಡುವುದು ಒಂದೇ. ಹಂಡೆಯಿಂದ ಎರಡು ಚೊಂಬು ಬಿಸಿನೀರು ಬಕೆಟ್ಟಿಗೆ ಹಾಕಿ, ಗಂಟುಗಂಟಾದ ಎರಡೂ ಕೈಯನ್ನು ಮಣಿಕಟ್ಟಿನವರೆಗೆ ಅದರಲ್ಲಿ ಮುಳುಗಿಸಿ, ಕಣ್ಣು ಮುಚ್ಚಿ ಕೂಡುತ್ತಾಳೆ. ಬೆರಳುಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆ. ಬಿಚ್ಚಿಕೊಂಡ ಮೇಲೆ ಎದ್ದು ಪಡಸಾಲೆಗೆ ಹೋಗುತ್ತಾಳೆ. ಸ್ವಲ್ಪ ಹೊತ್ತಿಗೆ ಅರದ ಸದ್ದು ಕೇಳತೊಡಗುತ್ತದೆ, ನಿಂತು ನಿಂತು, ಸಾವಕಾಶ. ಏಳನೆಯದು ನಡೆದಿದೆ ಎಂದು ಕಾಣುತ್ತದೆ.

ಗುಡ್ಡೆಯಲ್ಲಿ ಇನ್ನು ಹದಿನಾಲ್ಕು ಜನ ಇದ್ದೇವೆ. ನಾಳೆಯೋ, ಮುಂದಿನ ವಾರವೋ ನನ್ನ ಸರದಿ ಬರುತ್ತದೆ. ನನಗೆ ಅವಸರವೂ ಇಲ್ಲ, ಬೇಸರವೂ ಇಲ್ಲ. ಇಷ್ಟು ವರ್ಷ ಎಷ್ಟೋ ಜನರ ಬೆರಳು ಬಿಗಿಯಾಗಿ ಹಿಡಿಯಲೆಂದು ಇದ್ದೆ. ಒಬ್ಬಳ ಬೆರಳು ಬಿಡಿಸುವ ಕೆಲಸ ಇದೇ ಮೊದಲು.