ಮೂರನೆಯ ಕೊಯ್ತ

ಮರದ ಹುಡಿ ಮಣಿಕಟ್ಟಿನ ಮೇಲೆ ಉದುರುತ್ತಿದೆ, ತಣ್ಣಗಿದೆ, ಹಸಿ ಮರದ ಹುಡಿ ಯಾವಾಗಲೂ ತಣ್ಣಗೇ, ಒಳಗೆ ನೀರಿರುತ್ತದಲ್ಲ — ಕೊಂಬೆಯ ಅಡಿಯಿಂದ ಮೇಲಕ್ಕೆ ಗರಗಸ ಎಳೆದರೆ ತೋಳು ಸೋಲುತ್ತದೆ, ಆದರೂ ಮೊದಲ ಕೊಯ್ತ ಅಡಿಯಿಂದಲೇ, ಕಾಂಡದಿಂದ ಒಂದು ಗೇಣು ಆಚೆ, ದಪ್ಪದ ಮೂರನೆಯ ಒಂದು ಭಾಗ, ಗರಗಸ ಸಿಕ್ಕಿಕೊಳ್ಳುವ ಮೊದಲೇ ನಿಲ್ಲಿಸಬೇಕು. ಏಣಿಯ ತುದಿಯನ್ನು ಕಾಂಡಕ್ಕೆ ಕಟ್ಟಿದೆ, ನನ್ನ ಸೊಂಟಕ್ಕೂ ಹಗ್ಗವಿದೆ, ಎರಡು ಸಲ ಎಳೆದು ನೋಡಿದೆ, ಮೂರನೆಯ ಸಲ ಎಳೆಯುವಾಗ ಕೆಳಗಿನಿಂದ ಅತ್ತೆ, ನೋಡಿ ನೋಡೀನೇ ಹಗ್ಗ ಸವೆದುಹೋದೀತು ಕಣೇ. ಕೊಂಬೆ ಬಿದ್ದರೂ ತಾಗದಷ್ಟು ದೂರದಲ್ಲಿ, ನಾನೇ ಹೆಜ್ಜೆಯಿಂದ ಅಳೆದು ಹಾಕಿದ ಕುರ್ಚಿಯಲ್ಲಿ ಕೂತಿದ್ದಾರೆ, ಬೆನ್ನಿಗೆ ಎಳೆಬಿಸಿಲು, ಮಡಿಲಲ್ಲಿ ಮಡಿಸಿದ ಬಟ್ಟೆಯ ಪಟ್ಟಿ, ನೀಲಿ ಗೆರೆಯದು. ಆರು ವರ್ಷದ ಹಿಂದೆ ಇದೇ ಮರ, ಅತ್ತೆ ಈ ಮನೆಗೆ ಸೊಸೆಯಾಗಿ ಬಂದ ವರ್ಷ ನೆಟ್ಟದ್ದು, ಇದರ ಆ ಬದಿಯ ಕೊಂಬೆ, ನಾನು ಮೇಲಿನಿಂದ ಒಂದೇ ಸಮನೆ ಕೊಯ್ದೆ, ಅರ್ಧಕ್ಕೆ ಬಂದಿತ್ತೋ ಇಲ್ಲವೋ, ತನ್ನ ಭಾರಕ್ಕೇ ಮುರಿದು ಕಾಂಡದ ತೊಗಟೆಯನ್ನು ಉದ್ದಕ್ಕೂ ಸುಲಿದುಕೊಂಡು ಹೋಯಿತು, ಎಲೆಯ ಆಹಾರ ತೊಗಟೆಯೊಳಗಿಂದಲೇ ಬೇರಿಗೆ ಇಳಿಯುತ್ತದೆ ಎಂದು ಇಪ್ಪತ್ತು ವರ್ಷ ತರಗತಿಯಲ್ಲಿ ಚಿತ್ರ ಬರೆದ ಕೈ ಇದು. ಪುಸ್ತಕದ ಬದನೆಕಾಯಿ, ಎಂದರು ಅತ್ತೆ, ಅಷ್ಟೇ, ಒಳಗೆ ಹೋಗಿ ಹಳೆಯ ಹೊದಿಕೆ ಹರಿದು ತಂದು ಗಾಯಕ್ಕೆ ಸುತ್ತತೊಡಗಿದರು, ಅದು ಕೂಡ್ಕೊಳಲ್ಲ ಅತ್ತೆ, ಎಂದೆ, ಗೊತ್ತು ನಂಗೆ, ಎಂದರು, ಸುತ್ತುತ್ತಲೇ ಇದ್ದರು. ಆ ಬದಿ ಈಗ ಟೊಳ್ಳು, ಈ ಬದಿಯೂ ಸುಲಿದರೆ ಮರ ಉಳಿಯುವುದಿಲ್ಲ. ಈ ಕೊಂಬೆ ಅಡುಗೆಮನೆಯ ಸೂರಿನ ಮೇಲೆ ಒರಗಿದೆ, ತೆಗೆಯದೆ ವಿಧಿಯಿಲ್ಲ, ಯಾರನ್ನಾದರೂ ಕರೆಸೋಣ ಎಂದರು ಇವರು, ನಾನೇ ಕೊಯ್ತೀನಿ ಎಂದೆ, ಅತ್ತೆ ಬೇಡ ಅನ್ನಲಿಲ್ಲ, ಅದೇ ಹೊದಿಕೆಯ ಉಳಿದ ಪಟ್ಟಿ ತಂದು ಮಡಿಲಲ್ಲಿ ಇಟ್ಟುಕೊಂಡರು.

ಹಗ್ಗ ಬಿಗಿಯಾಗಿದೆಯಾ, ಎಂದೆ, ಕೊಂಬೆಗೆ ಕಟ್ಟಿ ಮೇಲಿನ ಕವಲಿನ ಮೇಲಿಂದ ಹಾಯಿಸಿದ ಹಗ್ಗದ ತುದಿ ಹಿಡಿದು ಕೆಳಗೆ ನಿಂತ ಇವರು, ನಿನ್ನ ಮುಖಕ್ಕಿಂತ ಬಿಗಿಯಾಗಿದೆ, ಕೊಯ್ಯಿ — ಎರಡನೆಯ ಕೊಯ್ತ ಮೇಲಿನಿಂದ, ಎರಡು ಬೆರಳು ಆಚೆ, ಎಳೆ, ಎಳೆ, ಆತುರ ಬೇಡ, ಚಟ್ಟೆಂದಿತು, ಸೀಳು ಅಡಿಯ ಕೊಯ್ತದವರೆಗೆ ಓಡಿಬಂದು ಅಲ್ಲೇ ನಿಂತಿತು, ಕೊಂಬೆ ಹಗ್ಗದಲ್ಲಿ ತೂಗಾಡುತ್ತ ಸೂರಿನ ಅಂಚು ದಾಟಿ ಮೆಲ್ಲಗೆ ನೆಲ ಮುಟ್ಟಿತು. ಇನ್ನು ಗೇಣುದ್ದದ ಮೋಟು, ಭಾರವಿಲ್ಲದ್ದು, ಸುಲಿಯಲಾರದ್ದು. ಅದರ ಬುಡದಲ್ಲಿ ಉಬ್ಬಿದ ಉಂಗುರ, ಅದನ್ನು ಮುಟ್ಟಬಾರದು, ಚಂದ ಕಾಣಲೆಂದು ಕಾಂಡಕ್ಕೆ ಸಮವಾಗಿ ಕೊಯ್ದರೆ ಗಾಯ ಮುಚ್ಚುವ ಜೀವಕೋಶಗಳೇ ಹೋದಂತೆ, ಮೂರನೆಯ ಕೊಯ್ತ ಉಂಗುರದ ಹೊರಗೆ, ತುಸು ಓರೆಯಾಗಿ, ಹುಡಿ ಮತ್ತೆ ತಣ್ಣಗೆ, ಮೂಗಿಗೆ ಒಗರು ವಾಸನೆ — ಬಿತ್ತು. ನಯವಾದ ದುಂಡು ಮುಖ, ಸುತ್ತಲೂ ತೊಗಟೆ ಇಡಿಯಾಗಿ, ಬೆರಳಾಡಿಸಿದೆ, ಇನ್ನೊಮ್ಮೆ ಆಡಿಸಿದೆ, ಇಡಿಯಾಗಿ. ಬಣ್ಣ ಬಳೀಬೇಕಾ, ಎಂದರು ಇವರು, ಬೇಡ, ಗಾಳಿ ಆಡಲಿ, ಮುಚ್ಚೋದು ಮರಕ್ಕೇ ಗೊತ್ತು. ಅತ್ತೆ ಎದ್ದು ಬುಡಕ್ಕೆ ಬಂದಿದ್ದಾರೆ, ಕತ್ತೆತ್ತಿ ನೋಡುತ್ತಿದ್ದಾರೆ, ಕನ್ನಡಕ ಏರಿಸಿ, ಇಳಿಸಿ, ಏನಾದರೂ ಅನ್ನಲಿ, ಬದನೆಕಾಯಿ ಅಂತಲೇ ಅನ್ನಲಿ — ಇಳಿಯೇ ಇನ್ನು, ಬಿದ್ದರೆ ಇದನ್ನ ನಿನಗೇ ಸುತ್ತಬೇಕಾಗುತ್ತೆ, ಎಂದರು, ಕಾಲು ಏಣಿಯ ಮೆಟ್ಟಿಲು ಹುಡುಕುತ್ತಿದೆ, ಕಣ್ಣು ಮಾತ್ರ ಅವರ ಕೈಯಲ್ಲಿ, ನೀಲಿ ಗೆರೆ, ಪಟ್ಟಿ, ಮಡಿಕೆ ಬಿಚ್ಚಿಲ್ಲ, ಮಡಿಕೆ ಬಿಚ್ಚಿಲ್ಲ