ಡಬ್ಬಿಯ ಮೇಲಿನ ಹೆಸರು

ನನ್ನ ಅಳಿಯ ಲೋಹಿತ್ ಊಟಕ್ಕೆ ಕೂತರೆ ಅವನ ಎಡಗೈಯಲ್ಲಿ ಯುದ್ಧ ನಡೆಯುತ್ತಿರುತ್ತದೆ. ಬಲಗೈಯಲ್ಲಿ ಅನ್ನ ಕಲಸುತ್ತಾನೆ. ಎಡಗೈಯ ಹೆಬ್ಬೆರಳಿನಿಂದ ಕುಸಿದ ಮನೆಗಳನ್ನೂ ಬಿಳಿ ಬಟ್ಟೆಯಲ್ಲಿ ಸುತ್ತಿದ ಮಕ್ಕಳನ್ನೂ ಫೋನಿನ ಮೇಲಂಚಿನ ಆಚೆಗೆ ತಳ್ಳುತ್ತಾನೆ. ನಡುವೆ ತಲೆಯೆತ್ತದೆ, “ಅತ್ತೆ, ಹುಳಿಗೆ ಉಪ್ಪು ಸ್ವಲ್ಪ ಕಮ್ಮಿ,” ಅನ್ನುತ್ತಾನೆ.

ನಾನು ಮೈಸೂರು ಬಿಟ್ಟು ಡಬ್ಲಿನ್ನಿನ ಈ ಸಿಟಿವೆಸ್ಟ್ ಬಡಾವಣೆಗೆ, ಮಗಳು ನಿಖಿತಾಳ ಮನೆಗೆ ಬಂದು ಆರು ವರ್ಷವಾಯಿತು. ಆರು ವರ್ಷವೂ ಉಪ್ಪು ತಂದು ಇಟ್ಟಿದ್ದೇನೆ.

ಇಲ್ಲಿನ ಕನ್ನಡದವರ ವಾಟ್ಸಾಪ್ ಗುಂಪು ಶುರುವಾದದ್ದು ಗಣೇಶನ ಹಬ್ಬಕ್ಕೆ ಹಾಲ್ ಹುಡುಕಲು. ಈಗ ಅಲ್ಲಿ ಬಾವುಟಗಳ ಜಗಳ. ಯಾವ ದೇಶ ಯಾವ ದೇಶದ ಮೇಲೆ ಬಾಂಬು ಹಾಕಿದ್ದು ಸರಿ ಎಂದು ನಕಾಶೆ ಕಳಿಸುತ್ತಾರೆ, ಚರಿತ್ರೆ ಕಳಿಸುತ್ತಾರೆ, ಕೊನೆಗೆ ಒಬ್ಬರ ಅಪ್ಪ ಅಮ್ಮನನ್ನು ಒಬ್ಬರು ಎಳೆದು ತರುತ್ತಾರೆ. ಮಿಥುನ್ ಎಂಬ ಹುಡುಗ, ಈ ಮನೆಗೆ ಬರುವಾಗ ಲೋಹಿತನ ಫ್ರಿಜ್ಜಿಗೆ ಹೆಗಲು ಕೊಟ್ಟವನು, ‘ಯಾವ ಕಡೆಯವರಾದರೂ ಮಕ್ಕಳು ಮಕ್ಕಳೇ ಅಲ್ವಾ’ ಎಂದು ಬರೆದ. ಅಷ್ಟಕ್ಕೆ ಲೋಹಿತ್ ಅವನ ಗೃಹಪ್ರವೇಶಕ್ಕೇ ಹೋಗಲಿಲ್ಲ.

ನಮ್ಮ ಹತ್ತಿರದ ಹೋಟೆಲೊಂದರಲ್ಲಿ ಬೇರೆ ದೇಶಗಳಿಂದ ಆಶ್ರಯ ಕೇಳಿ ಬಂದವರನ್ನು ಸರ್ಕಾರ ಇರಿಸಿದ ಮೇಲೆ ಅವನಿಗೆ ಇನ್ನೊಂದು ಕೆಲಸ ಸಿಕ್ಕಿತು. ಬಡಾವಣೆಯ ಫೇಸ್‌ಬುಕ್ ಪುಟ ಓದುವುದು, ಓದಿದ್ದನ್ನು ನನಗೆ ಒಪ್ಪಿಸುವುದು. “ನಾವು ಪರ್ಮಿಟ್ ತಗೊಂಡು, ಟ್ಯಾಕ್ಸ್ ಕಟ್ಕೊಂಡು ಬಂದೋರು ಅತ್ತೆ. ಇವ್ರು ಸುಮ್ನೆ ಬಂದು ಕೂತೋರು.”

“ನಾನೂ ಸುಮ್ನೆ ಬಂದು ಕೂತೋಳೇ ಅಲ್ವೇನಪ್ಪ?”

“ನೀವು ಬೇರೆ ಅತ್ತೆ. ನೀವು ಲೀಗಲ್ಲು.”

ನನ್ನ ಲೀಗಲ್ ಎಂದರೆ ಇಷ್ಟೇ: ಅತ್ತೆಯನ್ನು ನಾನು ಸಾಕುತ್ತೇನೆ ಎಂದು ಲೋಹಿತ್ ವರ್ಷಕ್ಕೊಮ್ಮೆ ಒಂದು ಕಾಗದಕ್ಕೆ ಸಹಿ ಹಾಕುತ್ತಾನೆ. ಅದನ್ನು ನೋಡಿ ಸರ್ಕಾರದವರು ಇನ್ನೊಂದು ವರ್ಷ ಇರು ಅನ್ನುತ್ತಾರೆ.

ಗುರುವಾರ ಸಂಜೆ ಆರಕ್ಕೆ ನಾನು ಬಡಾವಣೆಯ ಸಮುದಾಯದ ಹಾಲಿಗೆ ಇಂಗ್ಲಿಷ್ ಕಲಿಯಲು ಹೋಗುತ್ತೇನೆ. ಅಕ್ಷರ ಕಲಿತದ್ದೇ ಮೂವತ್ತನಾಲ್ಕನೇ ವಯಸ್ಸಿಗೆ, ಮೈಸೂರಿನ ರಾತ್ರಿಶಾಲೆಯಲ್ಲಿ. ಹಗಲು ಆಸ್ಪತ್ರೆಯಲ್ಲಿ ಆಯಾ ಕೆಲಸ. ನಲವತ್ಮೂರಕ್ಕೆ ಹತ್ತನೇ ತರಗತಿ ಪಾಸಾದೆ. ಆಗ ನನ್ನ ಯಜಮಾನರು ದೊಡ್ಡಯ್ಯ ಶಿವರಾಂಪೇಟೆಯ ಪಾತ್ರೆ ಅಂಗಡಿಗೆ ಹೋಗಿ ಒಂದು ಸ್ಟೀಲ್ ಡಬ್ಬಿ ತಂದರು. ಪಾತ್ರೆಯ ಮೇಲೆ ಮನೆ ಯಜಮಾನನ ಹೆಸರು ಕೊರೆಸುವುದು ನಮ್ಮಲ್ಲಿ ರೂಢಿ. ಅಂಗಡಿಯವನು ಯಾರ ಹೆಸರು ಎಂದು ಕೇಳಿದನಂತೆ. ಓದು ಬರೆಹ ಬಾರದ ಆ ಮನುಷ್ಯ, “ಪಾಸಾದೋಳ ಹೆಸ್ರು ಹಾಕಪ್ಪ. ಏನು ಪಾಸು ಅಂತಾನೂ ಹಾಕು,” ಅಂದರಂತೆ. ಡಬ್ಬಿಯ ಹೊಟ್ಟೆಯ ಮೇಲೆ ಚುಕ್ಕೆ ಚುಕ್ಕೆಯಾಗಿ ಈಗಲೂ ಇದೆ: ಕೆ. ಜಯಶೀಲಾ, ಎಸ್.ಎಸ್.ಎಲ್.ಸಿ.

ತರಗತಿಯಲ್ಲಿ ನನ್ನ ಪಕ್ಕ ಕೂರುವವಳು ನೈಮಾ. ಸುಡಾನಿನ ನ್ಯಾಲಾ ಊರಿನವಳು, ಐವತ್ತರ ಆಸುಪಾಸು, ಆ ಹೋಟೆಲಿನಲ್ಲೇ ಇರುವುದು. ಅವಳ ಗಂಡನನ್ನೂ ಒಬ್ಬ ಮಗನನ್ನೂ ಕೊಂದ ಯುದ್ಧದ ಬಗ್ಗೆ ನಮ್ಮ ಗುಂಪಿನಲ್ಲಿ ಯಾರೂ ಜಗಳವಾಡಿದ್ದನ್ನು ನಾನು ಕಾಣೆ. ಅದರ ಬಾವುಟ ಯಾರಿಗೂ ಗೊತ್ತಿರಲಿಲ್ಲವೇನೋ. ಅವಳಿಗೆ ಒಂದು ನರ್ಸಿಂಗ್ ಹೋಮಿನ ಅಡುಗೆಮನೆಯಲ್ಲಿ ಕೆಲಸ ಮಾತಾಗಿತ್ತು. ಇಂಗ್ಲಿಷ್ ಪರೀಕ್ಷೆ ಬರೆದ ಚೀಟಿಯನ್ನು ಜುಲೈ ತಿಂಗಳ ಮೊದಲ ಸೋಮವಾರದೊಳಗೆ ತಂದರೆ ಕೆಲಸ, ಇಲ್ಲದಿದ್ದರೆ ಇನ್ನೊಬ್ಬರಿಗೆ. ಪರೀಕ್ಷೆ ಜೂನ್ ತಿಂಗಳ ಕೊನೆಯ ಗುರುವಾರ, ಅದೇ ಹಾಲಿನಲ್ಲಿ.

ಅದರ ಹಿಂದಿನ ವಾರ ಎಲ್ಲರೂ ಮನೆಯಿಂದ ಏನಾದರೂ ತನ್ನಿ ಎಂದು ಟೀಚರ್ ಹೇಳಿದ್ದರು. ನಾನು ಆ ಡಬ್ಬಿಯ ತುಂಬ ಚಿತ್ರಾನ್ನ ಒಯ್ದೆ. ನೈಮಾ ಮೂರು ಸಲ ಹಾಕಿಸಿಕೊಂಡಳು. ಟೀಚರ್ ನನ್ನ ಫೋನಿನಲ್ಲೇ ಎಲ್ಲರ ಫೋಟೋ ತೆಗೆದರು. ತುದಿಯಲ್ಲಿ ನಾನು, ಪಕ್ಕದಲ್ಲಿ ನೈಮಾ ಡಬ್ಬಿಯನ್ನು ಎದೆಗೆ ಹಿಡಿದು ನಗುತ್ತಿದ್ದಾಳೆ. ಆ ಫೋಟೋವನ್ನು ನಾನು ನಮ್ಮ ಮನೆಯ ಗುಂಪಿಗೆ ಕಳಿಸಿದೆ. ಆ ಗುಂಪಿನಲ್ಲಿ ಇರುವವರು ನಾನು, ನಿಖಿತಾ, ಲೋಹಿತ್, ಮೂರೇ ಜನ. ಆ ತಿಂಗಳೆಲ್ಲ ಲ್ಯಾಬಿನಲ್ಲಿ ಸಂಜೆ ಪಾಳಿಯಿದ್ದ ನಿಖಿತಾ ಅಲ್ಲಿಂದಲೇ ಒಂದು ಹೂವು ಕಳಿಸಿದಳು. ಲೋಹಿತ್ ಏನೂ ಬರೆಯಲಿಲ್ಲ.

ಸೋಮವಾರ ಮೊಮ್ಮಗಳು ಸೋನಲ್ ಶಾಲೆಯಿಂದ ಬಂದು ಬ್ಯಾಗು ಎಸೆದು ಫೋನು ಹಿಡಿದಳು. “ಅಜ್ಜಿ, ದಟ್ಸ್ ಯುವರ್ ಡಬ್ಬಿ!”

ಬಡಾವಣೆಯ ಪುಟ. ಅದೇ ಫೋಟೋ. ಆದರೆ ಅದರಲ್ಲಿ ನಾನಿರಲಿಲ್ಲ. ನನ್ನನ್ನು ಕತ್ತರಿಸಿ ತೆಗೆದ ಕಡೆ ಮೇಜಿನ ಮೇಲೆ ಎರಡು ಬೆರಳು ಉಳಿದಿದ್ದವು. ಹಾಕಿದವನು ಡೆಕ್ಲನ್ ಅಂತೆ, ಇಲ್ಲಿನವರ ಹೆಸರು; ಮುಖದ ಜಾಗದಲ್ಲಿ ಒಂದು ನಾಯಿಯ ಚಿತ್ರ. ಸೋನಲ್ ಓದಿ ಹೇಳಿದಳು: ನಮ್ಮ ಹಾಲಿನಲ್ಲಿ, ನಮ್ಮ ತೆರಿಗೆಯಲ್ಲಿ ಯಾರ ಔತಣ ನೋಡಿ. ಗುರುವಾರ ಆರಕ್ಕೆ ಮತ್ತೆ ಬರುತ್ತಾರೆ. ನಾವೂ ಬರೋಣ.

ಕೆಳಗೆ ಇನ್ನೂರು ಚಿಲ್ಲರೆ ಮಾತು. ಯಾರೋ ಡಬ್ಬಿಯನ್ನು ದೊಡ್ಡದು ಮಾಡಿ ಹಾಕಿದ್ದರು. ಆ ಹೆಂಗಸು ಹಿಡಿದ ಡಬ್ಬಿಯ ಮೇಲೆ ಏನೋ ಬರೆದಿದೆಯಲ್ಲ, ಅರಬ್ಬಿಯೇ? ಬೆದರಿಕೆಯೇ? ಡೆಕ್ಲನ್ ಉತ್ತರಿಸಿದ್ದ: ಅರಬ್ಬಿಯೇ. ಗೊತ್ತಿರುವವರಿಗೆ ತೋರಿಸಿ ಕೇಳಿದೆ. ಒಳ್ಳೆಯ ಮಾತಲ್ಲ. ಅದರ ಕೆಳಗೆ ಇನ್ನೊಬ್ಬ: ಅವಳ ಮುಖ ನೆನಪಿಟ್ಟುಕೊಳ್ಳಿ.

“ಬಟ್ ಇಟ್ಸ್ ಜಸ್ಟ್ ಕನ್ನಡ,” ಸೋನಲ್ ನಕ್ಕಳು. “ಹೂ ಇಸ್ ದಿಸ್ ಈಜಿಟ್?”

ಇಲ್ಲಿ ದಡ್ಡನಿಗೆ ಈಜಿಟ್ ಅನ್ನುತ್ತಾರೆ. ಯಾರು ಎಂದು ನನಗೆ ಗೊತ್ತಾಗಿತ್ತು. ಹನ್ನೆರಡು ವರ್ಷದ ಹುಡುಗಿಗೆ ಅದನ್ನು ಹೇಳುವುದು ಹೇಗೆ? “ಹಾಲು ಕುಡಿ ಹೋಗು,” ಎಂದೆ.

ಲೋಹಿತ್ ಬಂದಾಗ ನಾನು ಸೊಪ್ಪು ಬಿಡಿಸುತ್ತಿದ್ದೆ.

“ಡೆಕ್ಲನ್ ಯಾರಪ್ಪ?”

ಫ್ರಿಜ್ಜಿನ ಬಾಗಿಲ ಮೇಲಿದ್ದ ಅವನ ಕೈ ನಿಂತಿತು. “ಯಾವ ಡೆಕ್ಲನ್?”

“ನಾಯಿ ಮುಖದೋನು.”

ಅವನು ನಕ್ಕ. ಸಿಕ್ಕಿಬಿದ್ದೆ ಎಂಬ ಅಂಜಿಕೆ ಆ ನಗುವಿನಲ್ಲಿ ಇರಲಿಲ್ಲ. “ಅಯ್ಯೋ ಅತ್ತೆ, ಅದೆಲ್ಲ ಸುಮ್ನೆ. ನನ್ನ ಹೆಸ್ರಲ್ಲಿ ಬರ್ದ್ರೆ ಯಾರು ಕೇಳ್ತಾರೆ? ಇಂಡಿಯನ್ ಅಂತ ನನಗೇ ಉಗೀತಾರೆ.”

“ಉಗಿಯೋರ ಜೊತೆ ಸೇರ್ಕೊಂಡ್ಯಾ?”

“ನಿಮ್ಮ ಮುಖ ಕಟ್ ಮಾಡಿದೀನಲ್ಲ. ನಿಮ್ಗೇನೂ ಆಗಲ್ಲ.” ಉಪಕಾರ ಮಾಡಿದವನ ದನಿ.

“ನೈಮಾ ಮುಖ?”

“ಯಾರು ನೈಮಾ?”

“ನನ್ನ ಹೆಸ್ರು ಎದೆಗಿಟ್ಕೊಂಡು ನಿಂತಿರೋಳು. ಡಬ್ಬಿ ಮೇಲಿರೋದು ಓದಿದ್ಯ?”

“ಮೊದ್ಲು ನೋಡ್ಲಿಲ್ಲ. ಅವ್ರು ಜೂಮ್ ಮಾಡಿದ್ಮೇಲೆ ನೋಡ್ದೆ.”

“ನೋಡಿ, ಓದಿ, ಅರಬ್ಬಿ ಅಂದ್ಯ?”

“ಇನ್ನೇನು ಅನ್ಲಿ? ಕನ್ನಡ ಅಂದ್ರೆ ಯಾರ ಮನೆದು ಅಂತ ಹುಡುಕಲ್ವ? ಈ ರೋಡಲ್ಲಿ ಕನ್ನಡದೋರು ಇರೋದೇ ಎರಡು ಮನೆ.”

ತನ್ನ ತಲೆ ಉಳಿಸಿಕೊಳ್ಳಲು ನನ್ನ ಹೆಸರನ್ನು ಬೆದರಿಕೆ ಮಾಡಿ, ಆ ಬೆದರಿಕೆಯನ್ನು ನೈಮಾಳ ಕೈಗೆ ಕೊಟ್ಟಿದ್ದ.

“ಅದನ್ನ ತೆಗಿ ಲೋಹಿತ್. ಸುಳ್ಳು ಅಂತ ಬರಿ. ನಿನ್ನ ಹೆಸ್ರಲ್ಲಿ.”

“ಆಗಲ್ಲ ಅತ್ತೆ. ಸಿಟಿಜನ್‌ಶಿಪ್ ಅರ್ಜಿ ಒಳಗಿದೆ. ಆಫೀಸಲ್ಲಿ ಗೊತ್ತಾದ್ರೆ ಕೆಲಸ ಹೋಗತ್ತೆ.” ಮೊಸರಿನ ಡಬ್ಬ ತೆಗೆದು ಮುಚ್ಚಳ ಬಿಚ್ಚಿದ. “ನಿಮ್ಮ ರಿನ್ಯೂವಲ್ಲೂ ಈ ತಿಂಗಳೇ ಅಲ್ವ? ಲೆಟರ್ ನಾನೇ ತಾನೇ ಕೊಡ್ಬೇಕು.”

ಮೆತ್ತಗೆ ಹೇಳಿದ. ಹೇಳಿ ಮೊಸರು ಬಡಿಸಿಕೊಂಡ.

ನಾನು ಇಪ್ಪತ್ತೆರಡು ವರ್ಷ ಆಸ್ಪತ್ರೆಯ ವಾರ್ಡುಗಳಲ್ಲಿ ಕಂಡವರ ವಾಂತಿ, ಕೀವು, ಮಲ ಬಳಿದವಳು. ಹೇಸಿಗೆ ಎಂದರೆ ಏನೆಂದು ನನಗೆ ಗೊತ್ತು ಎಂದುಕೊಂಡಿದ್ದೆ. ಅದು ಸೋಪು ಹಾಕಿ ಕೈ ತೊಳೆದರೆ ಹೋಗುತ್ತಿತ್ತು. ಅಂದು ಸೊಪ್ಪು ತೊಳೆದೆ, ಕೈ ತೊಳೆದೆ, ಸಿಂಕು ತೊಳೆದೆ. ಅವನು ಚಮಚೆಯಿಂದ ಬಟ್ಟಲ ತಳ ಕೆರೆಯುವ ಸದ್ದು ಕೇಳದಿರಲಿ ಎಂದು ನಲ್ಲಿಯನ್ನು ಇನ್ನಷ್ಟು ತಿರುಗಿಸಿದೆ.

ಮಂಗಳವಾರ ನೈಮಾ ಫೋನು ಮಾಡಿದಳು. ನಾವಿಬ್ಬರೂ ಮಾತಾಡುವ ಇಂಗ್ಲಿಷ್ ಕುಂಟುವಂಥದ್ದು, ಆದರೆ ಊರುಗೋಲು ಬೇಕಿಲ್ಲ. ಹೋಟೆಲಿನ ಬಾಗಿಲಲ್ಲಿ ಯಾರೋ ಅವಳನ್ನು ಗುರುತಿಸಿ ಫೋಟೋ ಹೊಡೆದರಂತೆ. “ನಾನು ಬರೋಲ್ಲ ಜಯಾ. ನನ್ನ ಮುಖ ಗೊತ್ತು ಅವರಿಗೆ.” ಟೀಚರನ್ನು ಕೇಳಿದೆ. ಪರೀಕ್ಷೆಯ ದಿನ ಬದಲಿಸುವುದು ತಮ್ಮ ಕೈಯಲ್ಲಿಲ್ಲ ಎಂದು ಅವರು ಅಳುವ ಹಾಗಾದರು.

ಗುರುವಾರ ಡಬ್ಬಿಯ ತುಂಬ ಚಿತ್ರಾನ್ನ ಹಾಕಿಕೊಂಡು, ಸ್ವೆಟರ್ ತೊಟ್ಟು, ಐದು ಗಂಟೆಗೇ ಹೋಟೆಲಿಗೆ ಹೋದೆ. ನೈಮಾ ಗಾಜಿನ ಬಾಗಿಲ ಒಳಗೆ ನಿಂತಿದ್ದಳು.

“ನಾನು ಡಬ್ಬಿ ಹಿಡೀತೀನಿ,” ಎಂದೆ. “ನೀನು ನನ್ನ ಹಿಡ್ಕೊ.”

ಅವಳು ಗಾಜಿನಾಚೆಯ ರಸ್ತೆಯನ್ನು ಎರಡೂ ಕಡೆ ನೋಡಿದಳು. ಆಮೇಲೆ ತಲೆಯ ಮೇಲಿನ ಬಟ್ಟೆ ಸರಿಮಾಡಿಕೊಂಡು ಬಂದಳು.

ಹಾಲಿನ ಗೇಟಿನ ಮುಂದೆ ಇಪ್ಪತ್ತು ಜನ ಇದ್ದರು. ಕೆಲವರ ಹೆಗಲಿಗೆ ಬಾವುಟ, ಎಲ್ಲರ ಕೈಯಲ್ಲಿ ಫೋನು. ನಮ್ಮನ್ನು ಕಂಡದ್ದೇ ಫೋನುಗಳು ಮೇಲೆದ್ದವು. ಹಳದಿ ಕೆಲಸದ ಜಾಕೆಟ್ಟಿನವನೊಬ್ಬ ಗೇಟಿಗೆ ಕಾಲು ಅಡ್ಡ ಕೊಟ್ಟು ಕೇಳಿದ, “ಆ ಡಬ್ಬಿಯಲ್ಲಿ ಏನಿದೆ?”

ಮುಚ್ಚಳ ತೆಗೆದು ತೋರಿಸಿದೆ. “ಅನ್ನ. ನಿಂಬೆಹಣ್ಣು.”

“ಅದರ ಮೇಲೆ ಬರೆದಿರುವುದು?”

“ನನ್ನ ಹೆಸರು. ಜಯಶೀಲಾ.”

ಅವನ ಪಕ್ಕದ ಹುಡುಗಿ ಫೋನನ್ನು ಡಬ್ಬಿಗೆ ಹಿಡಿದಳು. ಈಗಿನ ಫೋನುಗಳು ಯಾವ ಲಿಪಿಯನ್ನಾದರೂ ಓದುತ್ತವೆ. ಅವಳು ಪರದೆಯನ್ನು ನೋಡಿದಳು, ನನ್ನನ್ನು ನೋಡಿದಳು. “ಹೆಸರೇ,” ಎಂದಳು. “ಮುಂದೆ ಎಸ್.ಎಸ್.ಎಲ್.ಸಿ. ಅಂತಿದೆ. ಅದೇನು?”

“ಹತ್ತನೇ ಕ್ಲಾಸ್ ಪಾಸು.”

ಯಾರೋ ಕಿಸಕ್ಕನೆ ನಕ್ಕರು. ಜಾಕೆಟ್ಟಿನವನು ನಗಲಿಲ್ಲ. “ಅರಬ್ಬಿ ಅಂದನಲ್ಲ ಡೆಕ್ಲನ್?”

“ಡೆಕ್ಲನ್‌ಗೆ ಇದನ್ನು ಓದಲು ಬರುತ್ತದೆ,” ಎಂದೆ. “ಓದಿಯೇ ನಿಮಗೆ ಸುಳ್ಳು ಹೇಳಿದ.”

ಅವನಿಗೆ ಎಷ್ಟು ಅರ್ಥವಾಯಿತೋ. ಹಿಂದಿನಿಂದ ಒಬ್ಬ ಕೂಗಿದ, “ಯಾವ ಭಾಷೆಯಾದರೇನು, ಇಬ್ಬರನ್ನೂ ವಾಪಸ್ ಕಳಿಸಿ!” ಇಬ್ಬರು ಮೂವರು ದನಿಗೂಡಿಸಿದರು. ಜಾಕೆಟ್ಟಿನವನು ಕ್ಷಮೆ ಕೇಳಲಿಲ್ಲ, ಅಲ್ಲಿಂದ ಹೋಗಲೂ ಇಲ್ಲ. ಗೇಟಿನಿಂದ ಕಾಲು ಮಾತ್ರ ತೆಗೆದ. ನಮಗೆ ಬೇಕಾಗಿದ್ದದ್ದು ಅಷ್ಟೇ ಅಗಲ.

ನೈಮಾ ಪರೀಕ್ಷೆ ಬರೆದಳು. ಹೊರಗಿನ ಕೂಗಿಗೆ ಒತ್ತಿ ಒತ್ತಿ ಬರೆದು ಪೆನ್ಸಿಲಿನ ಮೊನೆ ಎರಡು ಸಲ ಮುರಿಯಿತು. ಎರಡು ಸಲವೂ ನನ್ನ ಪೆನ್ಸಿಲ್ ತಳ್ಳಿದೆ. ಕೊನೆಯ ಹಾಳೆ ಮುಗಿಸಿ ಅವಳು ಟೀಚರ್ ಮುಂದೆಯೇ ಚಿತ್ರಾನ್ನಕ್ಕೆ ಕೈ ಹಾಕಿದಳು. ಚೀಟಿ ನಾಳೆಯೇ ಕೊಡುತ್ತೇನೆ ಎಂದು ಟೀಚರ್ ಹೇಳಿದರು.

ನಾನು ಮನೆಗೆ ಬಂದಾಗ ಎಂಟೂವರೆ, ಕಿಟಕಿಯಲ್ಲಿ ಇನ್ನೂ ಬಿಸಿಲಿತ್ತು. ಲೋಹಿತ್ ಅಡುಗೆಮನೆಯಲ್ಲಿ ಫೋನು ಹಿಡಿದು ಕಾಯುತ್ತಿದ್ದ.

“ಏನು ಅತ್ತೆ ನೀವು! ಗೇಟ್ ಹತ್ರ ನಿಂತ್ಕೊಂಡು ಡೆಕ್ಲನ್ ಸುಳ್ಳ ಅಂದಿದೀರ. ವಿಡಿಯೋ ಹಾಕಿದಾರೆ. ಸಾವಿರ ಜನ ನೋಡಿದಾರೆ.” ಆಮೇಲೆ ದನಿ ಇಳಿಸಿ, “ನಾನು ನಿಮ್ಮನ್ನ ಬಿಟ್ಕೊಟ್ಟಿಲ್ಲ. ನೋಡಿ ಬೇಕಾದ್ರೆ,” ಎಂದು ಫೋನು ಮುಂದೆ ಹಿಡಿದ.

ನಾನು ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದೆ. ನನ್ನ ಇಂಗ್ಲಿಷಿಗೆ ಅಷ್ಟು ಸಾಕಿತ್ತು. ಡೆಕ್ಲನ್ ಬರೆದಿದ್ದ: ಈ ಮುದುಕಿಯನ್ನು ಬಿಡಿ, ಇವಳು ಲೀಗಲ್. ಕೆಳಗೆ ಒಬ್ಬ ಉತ್ತರಿಸಿದ್ದ: ಎಲ್ಲರೂ ಒಂದೇ ಕಣಯ್ಯ. ಇವಳನ್ನೂ ವಿಮಾನ ಹತ್ತಿಸು. ಆ ಮಾತಿಗೆ ನಲವತ್ತೊಂದು ಹೆಬ್ಬೆರಳು. ಯಾರ್ಯಾರದು ಎಂದು ನೋಡಲು ಸೋನಲ್ ಕಲಿಸಿಕೊಟ್ಟಿದ್ದಾಳೆ. ಒತ್ತಿದೆ. ಹೆಸರುಗಳ ಸಾಲು ಇಳಿಯಿತು. ಎಲ್ಲಕ್ಕಿಂತ ಮೇಲೆ ನಾಯಿಯ ಮುಖ.

ಅವನ ಕಡೆ ನೋಡಿದೆ.

“ಅದು... ಹಾಕ್ಲಿಲ್ಲ ಅಂದ್ರೆ ಅನುಮಾನ ಬರತ್ತೆ ಅತ್ತೆ. ಆಗ್ಲೇ ನೀನು ಯಾರ ಕಡೆ ಅಂತ ಕೇಳ್ತಿದ್ರು.”

ಬಾಗಿಲಲ್ಲಿ ಸೋನಲ್ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. “ಡ್ಯಾಡ್?” ಎಂದಳು, ಅಷ್ಟೇ. ಅವನು ತಿರುಗುವಷ್ಟರಲ್ಲಿ ಮೆಟ್ಟಿಲ ಮೇಲೆ ಅವಳ ಕಾಲಸದ್ದು.

ಲೋಹಿತ್ ಮೇಜಿನ ಮುಂದೆ ಕೂತ. ಅಭ್ಯಾಸದಂತೆ ತಟ್ಟೆ ಮುಂದಕ್ಕೆ ಎಳೆದುಕೊಂಡ. ಆರು ವರ್ಷ ಆ ತಟ್ಟೆಗೆ ಬಡಿಸಿದವಳು ನಾನು.

“ಬಡಿಸ್ಕೊ,” ಎಂದೆ.

ಉಪ್ಪಿನ ಜಾಡಿಯ ಕೆಳಗೆ ನನ್ನ ರಿನ್ಯೂವಲ್ ಕಾಗದ ಸಹಿಯಿಲ್ಲದೆ ಬಿದ್ದಿತ್ತು. ಅದನ್ನು ಎಳೆದು ಅವನ ತಟ್ಟೆಯ ಪಕ್ಕ ಇಟ್ಟೆ. “ಹಾಕಿದ್ರೆ ಹಾಕು, ಬಿಟ್ರೆ ಬಿಡು. ನಿನ್ನ ಹೆಸ್ರೇ ಹಾಕ್ಬೇಕು ಇದಕ್ಕೆ. ಡೆಕ್ಲನ್ ನಡೆಯಲ್ಲ.”

ಅವನ ಕಣ್ಣು ನನ್ನ ಕೈಚೀಲಕ್ಕೆ ಹೋಯಿತು. “ಡಬ್ಬಿ ಎಲ್ಲಿ?”

“ನೈಮಾ ಹತ್ರ ಐತೆ. ಖಾಲಿ ಡಬ್ಬಿ ವಾಪಸ್ ಕೊಡಬಾರ್ದು ಅಂತ ಅವಳ ಊರಲ್ಲೂ ಐತಂತೆ. ಹೋಟೆಲಲ್ಲಿ ಒಲೆ ಇಲ್ಲ. ಕೆಲಸ ಸಿಕ್ಕಿ ಅಡುಗೆ ಮಾಡಿದ ದಿನ ಏನಾದ್ರೂ ತುಂಬ್ಕೊಂಡು ತರ್ತಾಳೆ.”

“ಹೆಸ್ರಿರೋ ಡಬ್ಬೀನ ಆ ಹೋಟೆಲಲ್ಲಿ ಬಿಟ್ಟು ಬಂದ್ರಾ?”

“ಹೆಸ್ರಿದೆ ಅಂತಲೇ ಬಿಟ್ಟು ಬಂದೆ.”

ಸಿಂಕಿನ ನಲ್ಲಿ ತಿರುಗಿಸಿ ಕೈಯೊಡ್ಡಿದೆ. ನನ್ನ ಬೆನ್ನ ಹಿಂದೆ ಅವನು ಅನ್ನದ ಪಾತ್ರೆಯ ಮುಚ್ಚಳ ತೆಗೆದ. ಸೌಟು ಎಲ್ಲಿದೆ ಎಂದು ಒಂದೊಂದೇ ಡ್ರಾಯರ್ ಎಳೆದು ನೋಡತೊಡಗಿದ. ನಾನು ತಿರುಗದೆ ಕೈಗೆ ಸೋಪು ಹಚ್ಚಿಕೊಂಡೆ.